ಟೊಂಕ ಹಿಡಿದ ಮೇಲೆ ಮತ್ತೆ ಭಾರ ಎತ್ತುವುದು

ಕಬ್ಬಿನ ಹಂಗಾಮು ಬಿರುಸಾಗಿ, ಊರೂರ ಜಾತ್ರೆಯ ಕರಪತ್ರಗಳು ಹೊರಬೀಳುವ ಹೊತ್ತಿಗೆ ನನಗೆ ಬರುವ ಪತ್ರಗಳಲ್ಲಿ ಟೊಂಕದ ಮಾತೇ ಹೆಚ್ಚಾಗುತ್ತದೆ. ಈ ಸಲ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬಂದ ಪತ್ರಗಳಲ್ಲಿ ಬಹುತೇಕರು ಕೇಳಿದ್ದು ಒಂದನ್ನೇ: ಒಮ್ಮೆ ಟೊಂಕ ಹಿಡಿದವರು ಮತ್ತೆ ಭಾರ ಎತ್ತಬಹುದೇ?

ಫಿಸಿಯೋಥೆರಪಿ ಓದುವ ಮೊದಲು ನಾನೂ ಭಾರ ಎತ್ತುತ್ತಿದ್ದವನು. 22ನೇ ವಯಸ್ಸಿನಲ್ಲಿ ಟೊಂಕ ಹಿಡಿಯಿತು. ಬಾಗಬೇಡ, ಎತ್ತಬೇಡ ಎಂದರು. ಎರಡು ತಿಂಗಳು ಹಾಸಿಗೆಯಲ್ಲೇ ಕಳೆದೆ. ಎದ್ದಾಗ ನೋವು ತಗ್ಗಿತ್ತು, ಆದರೆ ತೊಡೆಗಳು ಸೊರಗಿದ್ದವು. ನೆಲಕ್ಕೆ ಬಿದ್ದ ಪೆನ್ನು ಎತ್ತಿಕೊಳ್ಳಲೂ ಹೆದರುತ್ತಿದ್ದೆ. ಆ ಹೆದರಿಕೆ ಬಿಡಲು ನೋವು ಬಿಟ್ಟಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಈ ಪತ್ರಗಳಲ್ಲೂ ಅದೇ ಹೆದರಿಕೆ ಸಾಲುಸಾಲಿನಲ್ಲಿ ಕಾಣುತ್ತಿದೆ. ಒಂದು ಪತ್ರದಲ್ಲಿ ಮಾತ್ರ ಹೆದರಬೇಕಾದಲ್ಲಿ ಹೆದರಿಕೆಯೇ ಇಲ್ಲ. ಅದನ್ನೇ ಮೊದಲು ಇಡುತ್ತೇನೆ.

ನಿಪ್ಪಾಣಿಯಿಂದ, 41 ವರ್ಷದ ಹಮಾಲರೊಬ್ಬರು

ಇಪ್ಪತ್ತು ವರ್ಷ ಆತ್ರಿ ಚೀಲಾ ಹೊರಾಕಹತ್ತಿ. ಟೊಂಕದ ನೋವು ನನಗ ಹೊಸಾದಲ್ಲ. ಆದ್ರ ಹತ್ತು ದಿನದಿಂದ ನಡೀವಾಗ ಬಲಗಾಲಿನ ಚಪ್ಪಲಿ ತಾನಾಗೇ ಕಳಚಿ ಹಿಂದ ಉಳೀತೈತಿ, ನನಗ ಗೊತ್ತಾಗೂದಿಲ್ಲ. ನೋವು ಮಾತ್ರ ಮೊದಲಿಗಿಂತ ಕಡಿಮಿ ಆಗೇತಿ. ಹಂಗಾರ ಮತ್ತ ಚೀಲಾ ಹೊರಾಕ ಸುರು ಮಾಡ್ಲೇನ್ರಿ?

ಉತ್ತರ: ಅಣ್ಣಾ, ನಿಮ್ಮ ಪತ್ರ ಕೈಗೆ ಬಂದ ದಿನವೇ ಫೋನ್ ಮಾಡಿ ಮಾತಾಡಿದ್ದೇನೆ. ನಿಮ್ಮಂತೆ ಇರುವ ಇತರರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಚಪ್ಪಲಿ ಕಳಚಿದ್ದು ತಿಳಿಯದಿರುವುದೆಂದರೆ ಪಾದವನ್ನು ಮೇಲಕ್ಕೆತ್ತುವ ಸ್ನಾಯುವಿಗೆ ಹೋಗುವ ನರ ಸೋಲುತ್ತಿದೆ ಎಂದರ್ಥ. ನೋವು ಕಡಿಮೆಯಾದದ್ದನ್ನು ಗುಣವಾಗುತ್ತಿರುವ ಲಕ್ಷಣವೆಂದು ನೀವು ತಿಳಿದಿರಿ. ಕಾಲಿನ ಬಲ ಇಳಿಯುತ್ತಾ ನೋವೂ ಇಳಿದರೆ ಅದು ಗುಣದ ಗುರುತಲ್ಲ. ಮನೆಯಲ್ಲೇ ಹೀಗೆ ನೋಡಿಕೊಳ್ಳಬಹುದು: ಗೋಡೆಯ ಪಕ್ಕದಲ್ಲಿ ಬರೀ ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಿರಿ. ಒಂದು ಕಾಲಿನ ಮುಂಗಾಲು ನೆಲಕ್ಕೆ ಬೀಳುತ್ತಿದ್ದರೆ ಅದೇ ವಾರ ಎಲುಬಿನ ಅಥವಾ ನರರೋಗದ ಡಾಕ್ಟರನ್ನು ಕಾಣಬೇಕು.

ಇನ್ನೂ ಕೆಲವು ಲಕ್ಷಣಗಳಿಗೆ ವಾರವಲ್ಲ, ಒಂದು ರಾತ್ರಿಯೂ ಕಾಯಬಾರದು. ಮೂತ್ರ ಕಟ್ಟುವುದು, ಅಥವಾ ಬಂದದ್ದೇ ತಿಳಿಯದಿರುವುದು. ಸೈಕಲ್ ಸೀಟು ತಾಗುವ ಜಾಗವೆಲ್ಲ ಜೋಮು ಹಿಡಿಯುವುದು. ಎರಡೂ ಕಾಲು ಸೋಲುವುದು. ಇವು ಬೆನ್ನುಹುರಿಯ ಕೆಳಗಿನ ನರಗಳ ಕಟ್ಟು ಒತ್ತಿಹೋದ ಲಕ್ಷಣ. ಆಗ ಕಾಗವಾಡ, ಅಥಣಿಯವರು ಮಿರಜ, ನಿಪ್ಪಾಣಿಯವರು ಕೊಲ್ಹಾಪುರ, ಚಿಕ್ಕೋಡಿಯವರು ಬೆಳಗಾವಿ ಎಂದು ಹತ್ತಿರದ ದೊಡ್ಡಾಸ್ಪತ್ರೆಗೆ ಆ ಹೊತ್ತಿನ ಗಾಡಿ ಹಿಡಿದು ಹೊರಡಬೇಕು. ಜ್ವರ, ಇಳಿಯುತ್ತಿರುವ ತೂಕ, ರಾತ್ರಿ ನಿದ್ದೆಗೆಡಿಸುವ ನೋವು ಟೊಂಕದ ಜೊತೆ ಸೇರಿದ್ದರೂ ತೋರಿಸಿಕೊಳ್ಳಿ. ಬೆನ್ನೆಲುಬಿಗೂ ಕ್ಷಯ ಬರುತ್ತದೆ, ನಮ್ಮ ಕಡೆ ಅದು ಅಪರೂಪವಲ್ಲ.

ಇನ್ನು ಚೀಲದ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಒಬ್ಬ ವಯಸ್ಕ ಗಂಡಾಳು ಹೊರುವ ಭಾರಕ್ಕೆ 55 ಕಿಲೋದ ಮಿತಿಯನ್ನು ಶಿಫಾರಸು ಮಾಡಿದೆ. 100 ಕಿಲೋದ ಚೀಲ ಬೆನ್ನ ಮೇಲೆ ಹಾಕುವವರು ಇದನ್ನು ತಿಳಿಯಬೇಕು. ನೀವು ಗುಣವಾಗಿ ಬಂದ ಮೇಲೂ ಈ ಮಿತಿಯನ್ನು ಬಿಡಬೇಡಿ. ನಿಮ್ಮ ತಂಡದ ಮುಖ್ಯಸ್ಥರಿಗೂ ಇದನ್ನು ಓದಿ ಹೇಳಿ.

ಅಥಣಿಯಿಂದ, 26 ವರ್ಷದ ಯುವಕ

ಸರ್, ಮೊಬೈಲ್ ಅಂಗಡಿ ಐತ್ರಿ ನಂದು. ಮೂರು ವರ್ಷದಿಂದ ಜಿಮ್ಮಿಗೆ ಹೊಕ್ಕೀನಿ. ಡೆಡ್‌ಲಿಫ್ಟ್ 120 ಕಿಲೋತನಕ ಎತ್ತತಿದ್ದೆ. ಐದು ತಿಂಗಳ ಹಿಂದ ಗೆಳೆಯಾರು ಹುರುಪು ತುಂಬಿದ್ರು ಅಂತ 140ಕ್ಕ ಕೈ ಹಾಕಿದೆ. ಟೊಂಕದಾಗ ಚಳಕ್ ಅಂತು, ಎಡಗಾಲಿನ ಮೀನಖಂಡತನಕ ಝುಮ್ಮು ಹಿಡೀತು. ಎಂಆರ್‌ಐನಾಗ ‘ಎಲ್4–ಎಲ್5 ಡಿಸ್ಕ್ ಬಲ್ಜ್’ ಅಂತ ಬಂದೈತಿ. ಈಗ ಕಾಲಿನ ನೋವು ಪೂರಾ ಹೋಗೇತಿ, ಮುಂಜಾನೆ ಟೊಂಕ ಅಷ್ಟ ಬಿಗೀ ಇರತೈತಿ. ಮನಿಯಾಗ ‘ಮಣಕ ಸರದೈತಿ, ಇನ್ನ ಒಂದ್ ಕೊಡಾ ನೀರೂ ಎತ್ತಬ್ಯಾಡ’ ಅಂತಾರ. ಜಿಮ್ ಬಿಟ್ಟಂಗ ಏನ್ರಿ ನಾನು?

ಉತ್ತರ: ಬಿಡಬೇಕಿಲ್ಲ, ತಮ್ಮಾ. ಆದರೆ 120ರಿಂದಲೇ ಮತ್ತೆ ಶುರು ಮಾಡುವ ಆಸೆ ಇದ್ದರೆ ಅದನ್ನು ಇವತ್ತೇ ಬಿಡಿ.

ಮೊದಲು ‘ಮಣಕ ಸರಿದಿದೆ’ ಎಂಬ ಮಾತನ್ನು ಮನೆಯಿಂದ ಹೊರಹಾಕೋಣ. ನಿಮ್ಮ ಮಣಕ ಎಲ್ಲೂ ಸರಿದಿಲ್ಲ. ಎರಡು ಮಣಕಗಳ ನಡುವೆ ಡಿಸ್ಕ್ ಎಂಬ ದಿಂಬಿದೆ. ಅದರ ಹೊರಗೆ ಪದರ ಪದರವಾಗಿ ಸುತ್ತಿದ ಗಟ್ಟಿ ನಾರು, ಒಳಗೆ ಲೋಳೆಸರದ ತಿರುಳಿನಂಥ ಮೆದು ವಸ್ತು. ಹೊರ ಸುತ್ತು ಸ್ವಲ್ಪ ಉಬ್ಬಿಕೊಂಡರೆ ಅದಕ್ಕೆ ಬಲ್ಜ್ ಎನ್ನುತ್ತಾರೆ. ಟೊಂಕದ ನೋವಿಲ್ಲದ 3110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲೇ 100ಕ್ಕೆ 30 ಜನರಿಗೆ ಬಲ್ಜ್ ಇತ್ತು, 80ರವರಲ್ಲಿ 84 ಜನರಿಗೆ. ಅವರ್ಯಾರಿಗೂ ನೋವಿರಲಿಲ್ಲ. ತಲೆ ನರೆಯುವಂತೆ ಡಿಸ್ಕೂ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಹೊರಕ್ಕೆ ಚಾಚಿದ ಡಿಸ್ಕಿನ ಭಾಗವನ್ನು ಎಷ್ಟೋ ಜನರ ದೇಹ ತಿಂಗಳುಗಳಲ್ಲಿ ತಾನೇ ಕರಗಿಸಿಕೊಳ್ಳುತ್ತದೆ. ನಿಮ್ಮ ಮಟ್ಟಿಗೆ ಎಂಆರ್‌ಐಗಿಂತ ದೊಡ್ಡ ಸಾಕ್ಷಿ ನೀವೇ ಬರೆದ ಒಂದು ಸಾಲು: ಕಾಲಿನ ನೋವು ಪೂರಾ ಹೋಗಿದೆ. ಕಾಲಿಗಿಳಿದ ನೋವು ಮೇಲಕ್ಕೆ ಸರಿದು ಟೊಂಕದಲ್ಲಷ್ಟೇ ಉಳಿಯುವುದು ಒಳ್ಳೆಯ ಗುರುತು.

ಕಬ್ಬಿಣ ಮುಟ್ಟುವ ಮೊದಲು ನಾಲ್ಕು ಸಂಗತಿ ನೋಡಿಕೊಳ್ಳಿ. ಅರ್ಧ ಗಂಟೆ ಚುರುಕಾಗಿ ನಡೆದರೆ ಕಾಲಿಗೆ ಏನೂ ಇಳಿಯಬಾರದು. ಅಂಗಡಿಯ ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಎದ್ದಾಗ ಸೀದಾ ನಿಲ್ಲಲು ಬರಬೇಕು. ಸೀನಿದಾಗ ಕಾಲಿಗೆ ಕರೆಂಟು ಹೊಡೆಯಬಾರದು. ನಿಂತುಕೊಂಡೇ ಪ್ಯಾಂಟು ಏರಿಸಿಕೊಳ್ಳಲು ಬರಬೇಕು. ನಾಲ್ಕೂ ಸರಿಯಿದ್ದರೆ ನೀವು ಸಿದ್ಧ.

ಮೊದಲ ಎರಡು ವಾರ ಭಾರವೇ ಬೇಡ. ಕೆನಡಾದ ಸ್ಟುವರ್ಟ್ ಮ್ಯಾಕ್‌ಗಿಲ್ ಬೆನ್ನಿನ ಮೇಲಿನ ಹೊರೆಯನ್ನು ಅಳೆಯುವುದರಲ್ಲೇ ದಶಕಗಳನ್ನು ಕಳೆದವರು. ಅವರು ಹೇಳುವ ಮೂರು ವ್ಯಾಯಾಮ ಸಾಕು: ಅಂಗಾತ ಮಲಗಿ ಟೊಂಕದ ಕೆಳಗೆ ಅಂಗೈ ಇಟ್ಟು ತಲೆ, ಹೆಗಲು ಮಾತ್ರ ಚೂರು ಎತ್ತುವುದು, ಮಗ್ಗುಲಾಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು, ದನದಂತೆ ನಾಲ್ಕು ಕಾಲಲ್ಲಿ ನಿಂತು ಎದುರುಬದುರಿನ ಕೈಕಾಲು ಚಾಚುವುದು. ಒಂದೊಂದನ್ನೂ ಹತ್ತು ಸೆಕೆಂಡು ಹಿಡಿದು ಬಿಡಿ. ಜೊತೆಗೆ ಬಾಗುವುದನ್ನು ಹೊಸದಾಗಿ ಕಲಿಯಿರಿ. ಒಂದು ಕೋಲನ್ನು ಬೆನ್ನಿಗೆ ಉದ್ದವಾಗಿ ಹಿಡಿಯಿರಿ. ತಲೆಯ ಹಿಂಭಾಗ, ಬೆನ್ನಿನ ನಡು, ಕೆಳಗಿನ ಬಾಲಮೂಳೆ ಈ ಮೂರೂ ಕಡೆ ಅದು ತಾಗಿರಬೇಕು. ಹಿಂದಿರುವ ಬಾಗಿಲನ್ನು ಕುಂಡಿಯಿಂದ ದೂಡುತ್ತಿರುವಂತೆ ಬಾಗಿ. ಕೋಲು ಒಂದು ಕಡೆ ಬಿಟ್ಟರೂ ಟೊಂಕ ಮಡಚಿದೆ ಎಂದರ್ಥ.

ಮೂರನೇ ವಾರ ಖಾಲಿ ಬಾರ್, 20 ಕಿಲೋ. ಅದನ್ನು ನೆಲದಿಂದ ಎತ್ತಬೇಡಿ. ಎರಡು ಕಡೆ ಹಳೆ ಟೈರು ಅಥವಾ ಇಟ್ಟಿಗೆ ಜೋಡಿಸಿ ಮೊಣಕಾಲಿನ ಮಟ್ಟಕ್ಕೆ ಇಡಿ. ಒಂದು ಸರಣಿಗೆ ಎಂಟು ಸಲ, ಹೀಗೆ ಮೂರು ಸರಣಿ, ವಾರಕ್ಕೆ ಎರಡು ದಿನ. ಇನ್ನೂ ಮೂರು ಸಲ ಎತ್ತಬಹುದು ಅನ್ನಿಸುವಾಗಲೇ ನಿಲ್ಲಿಸಿ. ವಾರಕ್ಕೆ 5 ಕಿಲೋ ಏರಿಸಿ. ಮೊಣಕಾಲಿನ ಮಟ್ಟದಿಂದ 60 ಕಿಲೋ ಸಲೀಸಾದ ಮೇಲೆ ಟೈರು ತೆಗೆದು ನೆಲಕ್ಕೆ ಇಳಿಸಿ, ಆಗ ಭಾರವನ್ನು ಮತ್ತೆ 40ಕ್ಕೆ ತನ್ನಿ. ಎತ್ತುವಾಗ ಚೂರು ನೋವು ಬಂದರೆ ಹೆದರಬೇಡಿ. ಹತ್ತರಲ್ಲಿ ಮೂರರ ಮಟ್ಟದ್ದಾಗಿದ್ದು ಮರುದಿನ ಮುಂಜಾನೆ ಎಂದಿನಷ್ಟೇ ಇದ್ದರೆ ಲೆಕ್ಕ ಸರಿಯಿದೆ. ಮುಂಜಾನೆ ಹೆಚ್ಚಾಗಿದ್ದರೆ ಹಿಂದಿನ ವಾರದ ಭಾರಕ್ಕೆ ಇಳಿಯಿರಿ. ಕಾಲಿಗೆ ಇಳಿದರೆ ಅಂದಿಗೆ ನಿಲ್ಲಿಸಿ ತೋರಿಸಿಕೊಳ್ಳಿ.

ಡೆಡ್‌ಲಿಫ್ಟ್ ಬೆನ್ನಿನ ಶತ್ರು ಎನ್ನುವವರು ಸಿಗುತ್ತಾರೆ. ಸ್ವೀಡನ್ನಿನಲ್ಲಿ ಟೊಂಕನೋವಿದ್ದವರ ಒಂದು ಗುಂಪಿಗೆ ಡೆಡ್‌ಲಿಫ್ಟನ್ನೇ ಚಿಕಿತ್ಸೆಯಾಗಿ ಕೊಟ್ಟು, ಇನ್ನೊಂದು ಗುಂಪಿಗೆ ಹಗುರ ವ್ಯಾಯಾಮ ಕೊಟ್ಟು ನೋಡಿದರು. ಎರಡೂ ಗುಂಪಿನ ನೋವು ಇಳಿಯಿತು. ನಿಮ್ಮ ಟೊಂಕ ಹಿಡಿದದ್ದು ಡೆಡ್‌ಲಿಫ್ಟಿನಿಂದಲ್ಲ, ಒಂದೇ ದಿನ ಏರಿದ ಆ 20 ಕಿಲೋದಿಂದ.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅವರ ಅಂಕಿಗಳನ್ನು ಜಿಮ್ಮಿನ ಗೋಡೆಗೆ ಬರೆದು ಅಂಟಿಸಿ. 2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡೆಯಲ್ಲಿ ಒಟ್ಟು 196 ಕಿಲೋ ಎತ್ತಿ ಚಿನ್ನ ಗೆದ್ದರು. ಅದೇ ವರ್ಷ ಟೊಂಕ ಕೈಕೊಟ್ಟು ಏಷ್ಯನ್ ಕ್ರೀಡಾಕೂಟಕ್ಕೇ ಹೋಗಲಿಲ್ಲ. 2019ರ ಫೆಬ್ರುವರಿಯಲ್ಲಿ ಥಾಯ್ಲೆಂಡಿನಲ್ಲಿ ಮರಳಿದಾಗ ಎತ್ತಿದ್ದು 192. ಆ ವರ್ಷದ ವಿಶ್ವ ಕೂಟದಲ್ಲಿ 201. 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 202 ಕಿಲೋ ಎತ್ತಿ ಬೆಳ್ಳಿ. ವಿಶ್ವ ಚಾಂಪಿಯನ್ ಆಗಿದ್ದವರು ಮರಳಿ ಬಂದದ್ದು ಮೊದಲಿಗಿಂತ ಕಡಿಮೆ ಭಾರದೊಂದಿಗೆ. ಟೊಂಕ ಕೈಕೊಟ್ಟಲ್ಲಿಂದ ಟೋಕಿಯೊದ ಬೆಳ್ಳಿಗೆ ಮೂರು ವರ್ಷ ಹಿಡಿಯಿತು. ನೀವು 120ಕ್ಕೆ ಒಂದು ವರ್ಷ ಕೊಡಿ.

ರಾಯಬಾಗ ತಾಲ್ಲೂಕಿನಿಂದ, 34 ವರ್ಷದ ರೈತರು

ನಮ್ಮ ಮನಿತನದಾಗ ಗುಂಡ ಎತ್ತೂದು ಅಪ್ಪನ ಕಾಲದಿಂದ ಬಂದೈತ್ರಿ. ಜಾತ್ರ್ಯಾಗ ಗುಂಡು, ಸಂಗ್ರಾಣಿ ಕಲ್ಲು ಎರಡೂ ಎತ್ತತೀನಿ. ಎರಡು ವರ್ಷದಾಗ ಎರಡು ಸಲ ಟೊಂಕ ಹಿಡದೈತಿ. ಹೋದ ವರ್ಷ ಜಾತ್ರಿ ದಿನ ಮುಂಜಾನೆ ಸೂಜಿ ಮಾಡಿಸ್ಕೊಂಡು ಎತ್ತಿದೆ. ಆವತ್ತ ಏನೂ ಆಗಲಿಲ್ಲ, ಮರದಿನ ಹಾಸಿಗಿ ಬಿಟ್ಟು ಏಳಾಕ ಬರಲಿಲ್ಲ. ಕಾಲು ಮುಂದಾಗಿ ಹುಟ್ಟಿದವರ ಕಡೆಯಿಂದ ಒದಿಸಿಕೊಂಡೂ ನೋಡಿದೆ. ಮಾಘದಾಗ ಜಾತ್ರಿ ಐತಿ, ಎಂಟ್ ವಾರ ಉಳದಾವ. ಈ ಸಲ ಎತ್ತಲಿಲ್ಲ ಅಂದ್ರ ಊರಾಗ ಮಾರಿ ತೋರಿಸೂದು ಹೆಂಗ?

ಉತ್ತರ: ಈ ಮಾಘಕ್ಕೆ ಎತ್ತಬೇಡಿ. ನೇರವಾಗಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಮಾಘಕ್ಕೆ ನೀವು ಎತ್ತುವುದನ್ನು ನೋಡಬೇಕೆಂಬ ಆಸೆ ನನಗಿದೆ.

ಗುಂಡು ಬಾರಿನಂತಲ್ಲ. ಬಾರನ್ನು ಕಾಲಿಗೆ ಒತ್ತಿ, ಬೆನ್ನು ನೆಟ್ಟಗಿಟ್ಟು ಎತ್ತಬಹುದು. ಗುಂಡಿಗೆ ಹಿಡಿ ಇಲ್ಲ. ಎರಡು ಪಾದಗಳ ನಡುವೆ ಇರುವ ಅದನ್ನು ಅಪ್ಪಿ ತೊಡೆಯ ಮೇಲೆ ತರುವವರೆಗೆ ಬೆನ್ನು ಬಾಗಲೇಬೇಕು. ಈ ಹಂತದಲ್ಲೇ ಟೊಂಕ ಹಿಡಿಯುವುದು. ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ಏರುವಾಗ ಕಲ್ಲು ಮೈಗೆ ಅಂಟಿಕೊಂಡಿರುತ್ತದೆ.

ಮೈಗೆ ಅಂಟುವುದು ಯಾಕೆ ಮುಖ್ಯ ಎಂಬುದನ್ನು ಕಲ್ಲು ಮೀಟುವ ಹಾರಿಯಿಂದ ತಿಳಿಯಬಹುದು. ಹಾರಿಯ ಉದ್ದದ ತುದಿಯನ್ನು ಒಂದು ಕೈಯಲ್ಲಿ ಒತ್ತಿದರೂ ಗಿಡ್ಡ ತುದಿಯ ಬಂಡೆ ಏಳುತ್ತದೆ. ಬೆನ್ನಿನಲ್ಲಿ ಇದು ತಿರುಗುಮುರುಗು: ಬೆನ್ನಿನ ಸ್ನಾಯು ಇರುವುದು ಗಿಡ್ಡ ತುದಿಯಲ್ಲಿ, ಡಿಸ್ಕಿನ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ. ಭಾರ ಇರುವುದು ಉದ್ದದ ತುದಿಯಲ್ಲಿ. 20 ಕಿಲೋ ಭಾರ ಡಿಸ್ಕಿನಿಂದ 50 ಸೆಂಟಿಮೀಟರ್ ಮುಂದಿದ್ದರೆ ಸ್ನಾಯು ಅದರ ಹತ್ತು ಪಟ್ಟು, ಅಂದರೆ 200 ಕಿಲೋದಷ್ಟು ಎಳೆಯಬೇಕು. ಅದೇ ಭಾರ 25 ಸೆಂಟಿಮೀಟರಿಗೆ ಬಂದರೆ 100 ಸಾಕು. ನಿಮ್ಮ ತಂದೆಯವರು ‘ಕಲ್ಲ ಹೊಟ್ಟಿಗೆ ಹಚ್ಚು’ ಎಂದು ಹೇಳಿಕೊಟ್ಟಿದ್ದರೆ ಅವರು ಇದನ್ನೇ ಹೇಳಿದ್ದರು.

ಸೂಜಿಯ ವಿಷಯದಲ್ಲಿ ನನಗೆ ಬಹಳ ಸಂಕಟವಿದೆ. ನೋವಿನ ಸೂಜಿ ಡಿಸ್ಕನ್ನಾಗಲಿ ಸ್ನಾಯುವನ್ನಾಗಲಿ ಗಟ್ಟಿ ಮಾಡುವುದಿಲ್ಲ, ಕೂಗುವ ನರದ ಬಾಯಿ ಮುಚ್ಚಿಸುತ್ತದೆ. ಹಲಗಿಯ ಬಡಿತ, ಮಂದಿಯ ಕೂಗು, ಮೈಯಲ್ಲಿ ಸೂಜಿ ಎಲ್ಲ ಕೂಡಿದಾಗ ನಿಲ್ಲು ಎಂದು ಹೇಳುವುದು ಯಾವುದೂ ಉಳಿಯುವುದಿಲ್ಲ. ಬಿಸಿಲಲ್ಲಿ ನೀರಿಲ್ಲದೆ ದುಡಿದ ಮೈಗೆ ಪದೇಪದೇ ಕೊಟ್ಟರೆ ಈ ಔಷಧಗಳು ಮೂತ್ರಪಿಂಡವನ್ನೂ ಜಠರವನ್ನೂ ಕೆಡಿಸುತ್ತವೆ. ಒದೆಸಿಕೊಳ್ಳುವುದಂತೂ ಇನ್ನು ಬೇಡವೇ ಬೇಡ. ಸಾದಾ ಉಳುಕು ಹೇಗೂ ಕೆಲವು ದಿನಗಳಲ್ಲಿ ತಾನಾಗಿ ಬಿಡುತ್ತದೆ, ಅದರ ಹೆಸರು ಒದ್ದವರಿಗೆ ಬರುತ್ತದೆ. ನಿಜವಾಗಿ ಡಿಸ್ಕ್ ನೊಂದವರಿಗೆ ಆ ಒದೆತ ನರದ ಮೇಲೆ ಬೀಳುತ್ತದೆ.

ಈಗ ಮಾಡಬೇಕಾದ್ದು. ಖಾಲಿ ಗೊಬ್ಬರದ ಚೀಲ ಎರಡು ಒಂದರೊಳಗೊಂದು ಹಾಕಿ, 20 ಕಿಲೋ ಉಸುಕು ತುಂಬಿ ಬಾಯಿ ಹೊಲಿಯಿರಿ. ಅದನ್ನು ಮನೆಯ ಕಟ್ಟೆಯ ಮೇಲಿಟ್ಟು, ಅಪ್ಪಿ, ಎದೆಗೆ ಹಚ್ಚಿ ನಿಂತು, ಇಪ್ಪತ್ತು ಹೆಜ್ಜೆ ನಡೆದು ಮತ್ತೆ ಕಟ್ಟೆಯ ಮೇಲಿಡಿ. ವಾರಕ್ಕೆ ಮೂರು ದಿನ. ಎರಡು ವಾರಕ್ಕೊಮ್ಮೆ 5 ಕಿಲೋ ಉಸುಕು ಸೇರಿಸಿ. 50 ಕಿಲೋ ಆಗುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ಆಮೇಲೆ ಕಟ್ಟೆಯಿಂದ ಕೆಳಗಿಳಿಸಿ, 25 ಕಿಲೋದ ಚೀಲವನ್ನು ನೆಲದಿಂದ ತೊಡೆಗೆ ತರುವುದನ್ನು ಕಲಿಯಿರಿ. ಉಸುಕಿನ ಚೀಲ ಮೈಯ ಆಕಾರಕ್ಕೆ ಒಗ್ಗುತ್ತದೆ, ಜಾರಿ ಬಿದ್ದರೂ ಪಾದ ಒಡೆಯುವುದಿಲ್ಲ. ಅದರಲ್ಲಿ ಆರು ತಿಂಗಳು ನೋವಿಲ್ಲದೆ ಕಳೆದ ಮೇಲೆ ತಾಲೀಮಿನಲ್ಲಿರುವ ಅತಿ ಸಣ್ಣ ಗುಂಡಿಗೆ ಬನ್ನಿ.

ಮಾರಿ ತೋರಿಸುವ ಮಾತನ್ನು ನಾನು ಹಗುರಾಗಿ ತೆಗೆದುಕೊಂಡಿಲ್ಲ. ಈ ಸಲ ಅಖಾಡದಲ್ಲೇ ಇರಿ, ಹೊಸ ಹುಡುಗರಿಗೆ ಕಲ್ಲು ಮೈಗೆ ಹಚ್ಚುವುದನ್ನು ಕಲಿಸುತ್ತಾ. ಯಾರಾದರೂ ಕೇಳಿದರೆ ಮುಂದಿನ ವರ್ಷಕ್ಕೆ ತಯಾರಿ ನಡೆಸಿದ್ದೇನೆ ಎನ್ನಿ. ನಿಜವೂ ಅದೇ.

ಕಾಗವಾಡ ತಾಲ್ಲೂಕಿನ ಉಗಾರದಿಂದ, 29 ವರ್ಷ

ಹಗಲಿ ಕಬ್ಬಿನ ಗಾಡಿ ಲೋಡ್ ಮಾಡತೀನಿ, ಸಂಜಿಕ ಜಿಮ್. ಪ್ರತಿ ವರ್ಷ ಜನವರಿ ಬಂತಂದ್ರ ಟೊಂಕ ಹಿಡೀತೈತಿ. ಜಿಮ್ಮಿನಾಗ ಮಾಡೂದು ತಪ್ಪಾಗಾಕಹತ್ತೈತೇನು?

ಉತ್ತರ: ಜಿಮ್ಮಿನಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿದೆ. ನಿಮ್ಮ ಬೆನ್ನಿಗೆ ಕಬ್ಬಿನ ಹೊರೆ ಬೇರೆ, ಕಬ್ಬಿಣ ಬೇರೆ ಎಂಬುದು ಗೊತ್ತಿಲ್ಲ. ಒಂದು ಹೊರೆ 25 ಕಿಲೋ ಎಂದಿಟ್ಟುಕೊಳ್ಳಿ, ದಿನಕ್ಕೆ 200 ಹೊರೆ ಹೊತ್ತು ಹಲಗೆ ಏರಿದರೆ 5 ಟನ್ ಆಯಿತು. ಸಂಜೆ 80 ಕಿಲೋ ಹಾಕಿ ಐದೈದು ಸಲದಂತೆ ಐದು ಸರಣಿ ಬೈಠಕ್ ಹೊಡೆದರೆ ಅದರ ಮೇಲೆ 2 ಟನ್. ನವೆಂಬರಿನಲ್ಲಿ ಶುರುವಾದದ್ದು ಜನವರಿಯ ಹೊತ್ತಿಗೆ ಎರಡು ತಿಂಗಳ ಬಾಕಿಯಾಗಿ ನಿಂತಿರುತ್ತದೆ. ಅದರ ವಸೂಲಿ ಟೊಂಕದಿಂದ.

ಹಂಗಾಮು ನಡೆಯುವಾಗ ಜಿಮ್ಮಿಗೆ ವಾರಕ್ಕೊಮ್ಮೆ ಹೋಗಿ, ಅದೂ ಗಾಡಿಯಿಲ್ಲದ ದಿನ. ಎತ್ತುವ ಭಾರ ಅಷ್ಟೇ ಇರಲಿ, ಸರಣಿಗಳನ್ನು ಎರಡಕ್ಕೆ ಇಳಿಸಿ. ಗಳಿಸಿದ ಬಲವನ್ನು ಉಳಿಸಿಕೊಳ್ಳಲು ವಾರಕ್ಕೆ ಒಂದು ದಿನ ಸಾಕು. ಕಾರ್ಖಾನೆಯ ಗಾಣ ನಿಂತ ಮೇಲೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬಲ ಗಳಿಸುವ ಕಾಲ. ಆಗ ವಾರಕ್ಕೆ ಮೂರು ದಿನ ದುಡಿಯಿರಿ. ಜಿಮ್ಮಿನವರ ಪಟ್ಟಿಯನ್ನು ಅಂಗಡಿ, ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗಾಗಿ ಬರೆದಿರುತ್ತಾರೆ. ನಿಮ್ಮ ಪಟ್ಟಿ ಬೇರೆಯೇ ಇರಬೇಕು.

ಬೆಲ್ಟ್ ಕಟ್ಟುವ ಬಗ್ಗೆಯೂ ಒಂದು ಮಾತು. ಬಹಳ ಭಾರ ಎತ್ತುವ ಕೊನೆಯ ಒಂದೆರಡು ಸರಣಿಗೆ ಕಟ್ಟಿಕೊಳ್ಳಿ. ದಿನವಿಡೀ ಕಟ್ಟಿಕೊಂಡು ಲೋಡ್ ಮಾಡಿದರೆ ಟೊಂಕ ಹಿಡಿಯುವುದು ತಪ್ಪುತ್ತದೆ ಎನ್ನಲು ಆಧಾರವಿಲ್ಲ.

ಚಿಕ್ಕೋಡಿಯಿಂದ, ಒಬ್ಬ ತಾಯಿ

ಮಗಗ 16 ವರ್ಷ. ತಾಲೀಮಿಗೆ ಹೋಗತಾನ, ದಂಡ ಹೊಡಿಯೂದು, ಕುಸ್ತಿ, ಈಗೀಗ ಭಾರಾನೂ ಎತ್ತತಾನ. ಎರಡು ತಿಂಗಳಿಂದ ಟೊಂಕದ ಎಡಗಡೆ ಒಂದ ಜಾಗದಾಗ ನೋವು ಅಂತಾನ. ಹಿಂದಕ್ಕ ಬಗ್ಗಿದ್ರ ಹೆಚ್ಚು. ವಸ್ತಾದರು ‘ಎಣ್ಣಿ ತಿಕ್ಕಿ ಹೊಡದ ಬಿಡು, ಹೋಗತೈತಿ’ ಅಂತಾರ.

ಉತ್ತರ: ಅಕ್ಕಾ, ಮಗನನ್ನು ಈ ವಾರವೇ ಎಲುಬಿನ ಡಾಕ್ಟರಿಗೆ ತೋರಿಸಿ. ದೊಡ್ಡವರಿಗೆ ನಾನು ಮೇಲೆ ಹೇಳಿದ್ದು ಯಾವುದೂ ಈ ಹುಡುಗನಿಗೆ ಅನ್ವಯಿಸುವುದಿಲ್ಲ.

ಬೆಳೆಯುವ ವಯಸ್ಸಿನ ಆಟಗಾರರಲ್ಲಿ, ಅದರಲ್ಲೂ ಬೆನ್ನನ್ನು ಪದೇಪದೇ ಹಿಂದಕ್ಕೆ ಮಣಿಸುವವರಲ್ಲಿ, ಮಣಕದ ಹಿಂಭಾಗದ ಸಣ್ಣ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ವೈದ್ಯರು ಇದನ್ನು ಸ್ಪಾಂಡಿಲೋಲೈಸಿಸ್ ಎನ್ನುತ್ತಾರೆ. ದಂಡ ಹೊಡೆಯುವಾಗ ಎದೆ ಎತ್ತಿ ಟೊಂಕ ಕೆಳಗೆ ಬಿಡುವುದು, ಕುಸ್ತಿಯಲ್ಲಿ ಚಿತ್ ಆಗದಿರಲು ಕುತ್ತಿಗೆಯ ಮೇಲೆ ಕಮಾನಾಗಿ ನಿಲ್ಲುವುದು, ತಲೆಯ ಮೇಲೆ ಭಾರ ಎತ್ತಿ ಬೆನ್ನು ಹಿಂದಕ್ಕೆ ವಾಲಿಸುವುದು, ಮೂರೂ ಅದೇ ಜಾಗವನ್ನು ಜಗ್ಗುತ್ತವೆ. ಆರಂಭದ ಬಿರುಕು ಸಾದಾ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ಎಕ್ಸ್‌ರೇ ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ, ಹಿಂದಕ್ಕೆ ಬಾಗಿದರೆ ನೋವು ಹೆಚ್ಚು ಎಂಬುದನ್ನು ಡಾಕ್ಟರಿಗೆ ಹೇಳಿ.

ಬಿರುಕೇ ಆಗಿದ್ದರೆ ಸಾಮಾನ್ಯವಾಗಿ ಮೂರು ತಿಂಗಳು ಆಟ ಬಂದ್. ಈ ವಯಸ್ಸಿನಲ್ಲಿ ಬೇಗ ಗುರುತಿಸಿದರೆ ಎಲುಬು ಕೂಡಿಕೊಳ್ಳುವ ಅವಕಾಶ ಚೆನ್ನಾಗಿದೆ. ನೋವಿನ ಮೇಲೆ ಇನ್ನೊಂದು ವರ್ಷ ಹೊಡೆದರೆ ಆ ಅವಕಾಶ ಹೋಗುತ್ತದೆ. ವಸ್ತಾದರ ಬಗ್ಗೆ ನನಗೆ ಗೌರವವಿದೆ, ಅವರನ್ನೂ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಮೂರು ತಿಂಗಳು ಮಗನನ್ನು ಮನೆಯಲ್ಲೇ ಕೂರಿಸಿದರೆ ಅವನ ಮನಸ್ಸು ಕುಗ್ಗುತ್ತದೆ. ನಡೆಯಲಿ, ಹೊಟ್ಟೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮಾಡಲಿ, ತಾಲೀಮಿನ ಮಣ್ಣು ಹದ ಮಾಡುವಾಗ ಹುಡುಗರ ಜೊತೆ ನಿಲ್ಲಲಿ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರೂ ಮೊದಲು ಕುಸ್ತಿಪಟು ಆಗಬೇಕೆಂದಿದ್ದವರು. ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವುದಕ್ಕೆ ತಿರುಗಿ 2018ರಲ್ಲಿ ಕಾಮನ್‌ವೆಲ್ತ್ ಬೆಳ್ಳಿ, 2022ರಲ್ಲಿ ಕಂಚು ಗೆದ್ದರು. ಹದಿನಾರಕ್ಕೆ ಯಾವ ದಾರಿಯೂ ಮುಚ್ಚಿರುವುದಿಲ್ಲ ಎಂದು ಮಗನಿಗೆ ಹೇಳಿ.

ನಿಪ್ಪಾಣಿಯಿಂದ, 52 ವರ್ಷದ ಬೀಡಿ ಕೆಲಸದವರು

ದಿನಾ ಎಂಟು ತಾಸು ಕುಂತು ಬೀಡಿ ಕಟ್ಟತೀನಿ. ಟೊಂಕ ನೋಯತೈತಿ. ಮಗಳು ‘ಭಾರ ಎತ್ತವ್ವಾ, ಎಲುಬು ಗಟ್ಟಿ ಆಗತಾವ’ ಅಂತಾಳ. ಈ ವಯಸ್ಸಿನಾಗ ಹೆಣ್ಣಮಕ್ಕಳು ಎತ್ತಬಹುದೇನ್ರಿ?

ಉತ್ತರ: ಮಗಳು ಸರಿಯಾಗಿಯೇ ಹೇಳಿದ್ದಾಳೆ. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಎಲುಬು ತೆಳುವಾದ, 58 ದಾಟಿದ ಹೆಣ್ಣುಮಕ್ಕಳು ತಜ್ಞರ ಕಣ್ಣೆದುರು ಎಂಟು ತಿಂಗಳು ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ ಭಾರ ಎತ್ತಿದರು. ಅವರ ಬೆನ್ನೆಲುಬಿನ ಗಟ್ಟಿತನ ಹೆಚ್ಚಿತು.

ನೀವು ಬಿಂದಿಗೆಯಿಂದ ಶುರು ಮಾಡಿ. ಅರ್ಧ ತುಂಬಿದ ಬಿಂದಿಗೆ ಸ್ಟೂಲಿನ ಮೇಲಿರಲಿ. ಎದೆಗೆ ಹಚ್ಚಿ ಎತ್ತಿ, ಇಟ್ಟು, ಹೀಗೆ ಎಂಟು ಸಲ, ಒಂದು ದಿನ ಬಿಟ್ಟು ಒಂದು ದಿನ. ಇದಕ್ಕಿಂತ ಮುಖ್ಯ ಇನ್ನೊಂದಿದೆ: ಅರ್ಧ ತಾಸಿಗೊಮ್ಮೆ ಮೊರ ಕೆಳಗಿಟ್ಟು ಎದ್ದು, ಹೊಸ್ತಿಲವರೆಗೆ ಹೋಗಿ ಬನ್ನಿ. ಎಣಿಕೆಗೆ ಕೂಲಿ ಸಿಗುವ ಕೆಲಸದಲ್ಲಿ ಏಳುವುದೂ ನಷ್ಟವೆಂದು ನನಗೆ ಗೊತ್ತು. ಆದರೂ ಏಳಿ.

ಸದಲಗಾದಿಂದ, 63 ವರ್ಷದ ಹಳೆಯ ಪೈಲವಾನರು

ಒಂದ ಕಾಲಕ್ಕ ದಿನಾ 500 ಬೈಠಕ್ ಹೊಡದಂವ ನಾನು. ಏಳು ವರ್ಷದ ಹಿಂದ ಟೊಂಕದ ಆಪರೇಶನ್ ಆತು. ಬಿಪಿ ಗುಳಿಗಿ ಐತಿ. ಈಗ ನೋವಿಲ್ಲ. ಮೊಮ್ಮಗ ತಾಲೀಮಿಗೆ ಹೊಂಟಾನ, ಅವನ ಜೋಡಿ ಮುಂಜಾನೆ ನಾಲ್ಕಕ್ಕ ಎದ್ದು ಬೈಠಕ್ ಹೊಡಿಯೂ ಆಸೆ.

ಉತ್ತರ: ಅಜ್ಜಾರ, ಮೊಮ್ಮಗನ ಜೊತೆ ಹೋಗಿ. ಆದರೆ ಎದ್ದ ಕೂಡಲೇ ಬಾಗಬೇಡಿ.

ರಾತ್ರಿ ಮಲಗಿದಾಗ ಡಿಸ್ಕು ನೀರು ಹೀರಿ ಉಬ್ಬುತ್ತದೆ. ಅದಕ್ಕೇ ಮುಂಜಾನೆ ನಾವು ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಎತ್ತರ ಇರುತ್ತೇವೆ. ತುಂಬಿದ ಡಿಸ್ಕು ಬಾಗಿದರೆ ಬೇಗ ನೋಯುತ್ತದೆ. ಹೆಚ್ಚಿನ ನೀರು ಎದ್ದ ಮೊದಲ ತಾಸಿನಲ್ಲೇ ಇಳಿದುಹೋಗುತ್ತದೆ. ನಾಲ್ಕಕ್ಕೆ ಎದ್ದರೆ ಐದರವರೆಗೆ ನಡೆಯಿರಿ, ಹೆಗಲು, ಕತ್ತು ತಿರುಗಿಸಿ. ಬೈಠಕ್ ಐದರ ಮೇಲೆ. ಹಿಂದಿನ ತಾಲೀಮುಗಳಲ್ಲಿ ಮೊದಲು ಮಣ್ಣು ಕೆದರಿ, ಮೈಗೆ ಎಣ್ಣೆ ತಿಕ್ಕಿ, ಆಮೇಲೆ ಕಸರತ್ತಿಗೆ ಇಳಿಯುತ್ತಿದ್ದರೆಂದು ನೀವೇ ಬಲ್ಲಿರಿ. ಆ ನಿಧಾನ ನಿಮ್ಮ ಟೊಂಕಕ್ಕೆ ಈಗ ಬೇಕು. ಮಣ್ಣು ಕೆದರುವ ಕೆಲಸ ಮಾತ್ರ ಮೊಮ್ಮಗನಿಗೆ ಬಿಡಿ.

ಬಿಪಿ ಇರುವುದರಿಂದ ಉಸಿರು ಕಟ್ಟಬಾರದು. ಕೂರುವಾಗ ಒಳಗೆಳೆದು, ಏಳುವಾಗ ಬಾಯಿಂದ ಬಿಡಿ. ಹರೆಯದವರು ಭಾರ ಎತ್ತುವಾಗ ಉಸಿರು ಬಿಗಿದು ಹೊಟ್ಟೆ ಗಟ್ಟಿ ಮಾಡುವುದು ಬೆನ್ನಿಗೆ ಆಸರೆ, ಆದರೆ ಆ ಹೊತ್ತಿಗೆ ರಕ್ತದ ಒತ್ತಡ ಒಮ್ಮೆಲೇ ಏರುತ್ತದೆ. ಅದು ನಿಮಗೆ ಬೇಡ. ದಂಡ ಹೊಡೆಯುವುದು, ಕರೇಲಾ ತಿರುಗಿಸುವುದು ಸದ್ಯಕ್ಕೆ ಬೇಡ.

ಶುರು ಮಾಡುವ ಮೊದಲು ಆಪರೇಶನ್ ಮಾಡಿದ ಡಾಕ್ಟರನ್ನು ಒಮ್ಮೆ ಕಂಡು, ಮಣಕಕ್ಕೆ ಸ್ಕ್ರೂ ಹಾಕಿದ್ದಾರೋ, ಬರೀ ಡಿಸ್ಕಿನ ತುಣುಕು ತೆಗೆದಿದ್ದಾರೋ ಕೇಳಿಕೊಳ್ಳಿ. ಮೊದಲ ವಾರ ಹಿಂದೆ ಕುರ್ಚಿ ಇಟ್ಟುಕೊಂಡು ಅದರ ಮೇಲೆ ಕೂತು ಏಳುವ ಹತ್ತು ಬೈಠಕ್. ಎರಡನೇ ವಾರ ಹದಿನೈದು. ಮೂರನೇ ವಾರ ಕುರ್ಚಿ ತೆಗೆದು ಮತ್ತೆ ಹತ್ತಕ್ಕೆ ಬನ್ನಿ. ತಿಂಗಳಾದ ಮೇಲೆ ಮುಂಜಾನೆಯ ಬಿಪಿ ಅಂಕಿಗಳನ್ನೂ, ಎಷ್ಟು ಬೈಠಕ್ ಆಯಿತೆಂಬುದನ್ನೂ ಮೊಮ್ಮಗನ ಕೈಯಿಂದ ಬರೆಸಿ ನನಗೆ ಕಳಿಸಿ.